ಅಟ್ಟದಲ್ಲಿ ಬರೆದ ಜಗಳ

ಬೆಳಗಿನ ಎಂಟೂಕಾಲರ ರೈಲು ಊರಿನ ಅರ್ಧ ಜನರನ್ನು ತುಂಬಿಕೊಂಡು ನಗರದ ಕಡೆ ಹೋದ ಮೇಲೆ ಉಳಿದ ಅರ್ಧ ಊರು ಉಸ್ಸಪ್ಪಾ ಎಂದು ಕೂರುತ್ತದೆ. ಊರಿನ ಬಾಯಲ್ಲಿ ಚಿಕ್ಕಸರ್ವೆ ಎನಿಸಿಕೊಂಡವನು ಎರಡನೇ ಕಾಫಿ ಕುಡಿಯುವುದು ಆ ಹೊತ್ತಿಗೆ. ಮನೆಗಳಿಗೆ ಬೀಗ ಬಿದ್ದಿರುತ್ತದೆ, ಬೀಗದ ಕೈ ಪಕ್ಕದ ಮನೆಯಲ್ಲಿರುತ್ತದೆ, ಕೆಳಗೆ ನಿಂತು 'ಹುಷಾರು, ಹುಷಾರು' ಎಂದು ಪ್ರಾಣ ತಿನ್ನುವ ಯಜಮಾನರು ರೈಲಿನಲ್ಲಿರುತ್ತಾರೆ. ಚಾವಣಿ ಹತ್ತಿ ಪರೀಕ್ಷೆ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಕೆ? ಆದರೆ ಆ ದಿನ ಲೋಟ ತುಟಿಗೆ ತಾಗುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಸರ್ವೆಯವರಾ? ನಮ್ಮನೆ ಅಟ್ಟದಲ್ಲಿ ಯಾರೋ 'ಬೀಳುತ್ತೆ' ಅಂತ ಬರೆದಿಟ್ಟಿದ್ದಾರೆ!"

"ಏನು ಬೀಳುತ್ತಂತೆ?"

"ಅದನ್ನ ನೀವು ಹೇಳ್ಬೇಕು! ಇನ್ನೊಬ್ಬ ಸರ್ವೆಯವರಿಗೂ ಮಾಡಿದೆ, ಅವರು ಫೋನೇ ಎತ್ತಲಿಲ್ಲ. ಬ್ಯಾಂಕಿಗೆ ರಜೆ ಹಾಕಿ ಅಂಗಳದಲ್ಲಿ ನಿಂತಿದೀನಿ. ಒಳಗೆ ಹೋಗೋಕೆ ಧೈರ್ಯ ಬರ್ತಿಲ್ಲ."

ಚಿಕ್ಕಸರ್ವೆ ಹೋಗಿ ನೋಡಿದರೆ ಬ್ಯಾಂಕಿನ ಮೇಡಮ್ ನಿಜಕ್ಕೂ ಅಂಗಳದಲ್ಲಿ ನಿಂತಿದ್ದರು, ಅದೂ ತಲೆಗೆ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು. ಸೂಟ್‌ಕೇಸ್ ಇಡಲು ಅಟ್ಟ ಹತ್ತಿದವರು ತೊಲೆಯ ಮೇಲಿನ ಅಕ್ಷರ ಓದಿ, ಸೂಟ್‌ಕೇಸನ್ನು ಅಲ್ಲೇ ಬಿಟ್ಟು, ಏಣಿಯ ಮೆಟ್ಟಿಲು ಲೆಕ್ಕಿಸದೆ ಇಳಿದು ಬಂದಿದ್ದರು.

ಅವನು ಹತ್ತಿ ಟಾರ್ಚ್ ಬಿಟ್ಟ. ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಮೊದಲು ಅವನದೇ ಓರೆ ಅಕ್ಷರ: 'ಹನ್ನೆರಡು ವರ್ಷ. ಮಾವನ ಮನೆ ಆರನೇ ವರ್ಷ, ನಿಂತಿದೆ.' ಅದರ ಕೆಳಗೆ ಗುಂಡಗಿನ ಅಚ್ಚುಕಟ್ಟು ಅಕ್ಷರ: 'ಎಂಟು ವರ್ಷ. ಬೀಳುತ್ತೆ.' ತಾರೀಕು ನಾಲ್ಕು ತಿಂಗಳ ಹಿಂದಿನದು.

"ನಿಮ್ಮ ಚಾವಣಿಗೆ ಏನೂ ಆಗಲ್ಲ ಮೇಡಮ್" ಎಂದು ಅವನು ಮೇಲಿನಿಂದಲೇ ಕೂಗಿದ. "ಬೀಳುತ್ತೆ ಅಂದಿರೋದು ನಮ್ಮ ಮಾವನವರದು."

"ನಿಮ್ಮ ಮಾವನ ಚಾವಣಿ ಬೀಳೋದನ್ನ ನಮ್ಮ ಅಟ್ಟದಲ್ಲಿ ಯಾಕ್ರೀ ಬರೀಬೇಕು?"

ನ್ಯಾಯವಾದ ಪ್ರಶ್ನೆಯೇ. ಆದರೆ ಉತ್ತರ ಏಣಿಯ ಮೇಲೆ ನಿಂತು ಹೇಳಿ ಮುಗಿಸುವಂಥದ್ದಲ್ಲ.

ಮೂವತ್ತು ವರ್ಷದ ಹಿಂದೆ ಇದು ರೈಲು ನಿಲ್ಲಲೋ ಬೇಡವೋ ಎಂದು ಅನುಮಾನಿಸುತ್ತಿದ್ದ ಊರು. ನಗರದಲ್ಲಿ ಕಾಲು ಚಾಚಲು ಜಾಗ ಸಾಲದೆ ಜನ ಈ ಕಡೆ ಉಕ್ಕಿ ಬಂದರು, ಇದ್ದ ಹೊಲಗಳಿಗೆಲ್ಲ ಹೆಂಚು ಹೊದಿಸಿಬಿಟ್ಟರು. ಒಬ್ಬರಿಗೆ ಬಡ್ತಿ, ಒಬ್ಬರಿಗೆ ವರ್ಗ, ಇನ್ನೊಬ್ಬರಿಗೆ ಅವಳಿ ಮಕ್ಕಳು. ಹೀಗೆ ಮನೆಗಳು ಎರಡು ಮೂರು ವರ್ಷಕ್ಕೊಮ್ಮೆ ಕೈ ಬದಲಾಯಿಸುತ್ತಲೇ ಇರುತ್ತವೆ. ಮಾರುವ ಮನೆಗೆ ಚಾವಣಿ ಸರ್ವೆ ಆಗಲೇಬೇಕು, ಅದೂ ಎರಡು ಸಲ. ಮಾರುವವರ ಕಡೆಯಿಂದ ಒಬ್ಬ ನೋಡುತ್ತಾನೆ, ಕೊಳ್ಳುವವರ ಕಡೆಯಿಂದ ಇನ್ನೊಬ್ಬ ನೋಡುತ್ತಾನೆ. ಆರು ಪುಟದ ವರದಿಯಲ್ಲಿ ಎಲ್ಲರೂ ಓದುವುದು ಕೊನೆಯ ಸಾಲನ್ನು ಮಾತ್ರ: ಚಾವಣಿಗೆ ಉಳಿದ ಆಯಸ್ಸು ಇಷ್ಟು ವರ್ಷ.

ಈ ಕಸುಬನ್ನು ಊರಿಗೆ ತಂದವರು ಸರ್ವೆ ಸಹೋದರರ ಅಪ್ಪ. ಅವರದೊಂದು ಕಟ್ಟುನಿಟ್ಟಿತ್ತು. ಕೆಲಸ ಮುಗಿಸಿ ಇಳಿಯುವ ಮುಂಚೆ ಅಟ್ಟದ ಬಾಯಿಗೆ ಹತ್ತಿರವಿರುವ ತೊಲೆಯ ಮೇಲೆ ತಾರೀಕನ್ನೂ ಆಯಸ್ಸನ್ನೂ ಸೀಮೆಸುಣ್ಣದಲ್ಲಿ ಬರೆಯಬೇಕು. ಕಾಗದ ಕಳೆದುಹೋಗುತ್ತದೆ, ತೊಲೆ ಎದ್ದು ಹೋಗುವುದಿಲ್ಲ ಎನ್ನುತ್ತಿದ್ದರು. ಮುಂದೆ ಹತ್ತುವವನು ಅದನ್ನು ಓದಬೇಕು, ಒರೆಸಕೂಡದು. ಅಪ್ಪ ಹೋದ ಮೇಲೂ ಇಬ್ಬರು ಮಕ್ಕಳು ಇದನ್ನು ಒಂದು ದಿನವೂ ತಪ್ಪಿಸಿಲ್ಲ.

ಅಣ್ಣನಿಗೆ ಊರು ಇಟ್ಟ ಹೆಸರು ದೊಡ್ಡಸರ್ವೆ. ಅವನ ಕಣ್ಣು ಅಂಥಿಂಥ ಕಣ್ಣಲ್ಲ. ರಸ್ತೆಯಲ್ಲಿ ನಿಂತು ನೋಡಿಯೇ ಒಳಗಿನ ಮರ ಎಲ್ಲಿ ಸತ್ತಿದೆ ಎಂದು ಹೇಳುತ್ತಿದ್ದ. ಆದರೆ ಆಯಸ್ಸು ಕೊಡುವುದರಲ್ಲಿ ಮಹಾ ಕೈ ಬಿಗಿ. ನಿನ್ನೆ ಕಟ್ಟಿದ ಮನೆಗೂ ಹದಿನೈದರ ಮೇಲೆ ಒಂದು ವರ್ಷ ಬಿಚ್ಚಿದವನಲ್ಲ. ಚಿಕ್ಕಸರ್ವೆಯದು ಧಾರಾಳ ಸ್ವಭಾವ. ಅಣ್ಣ ಎಂಟು ಎಂದರೆ ಇವನು ಹನ್ನೆರಡು ಎನ್ನುತ್ತಿದ್ದ, ವರದಿಯಲ್ಲಿ ಹತ್ತು ಬೀಳುತ್ತಿತ್ತು, ಹದಿನೆಂಟು ವರ್ಷ ಇಬ್ಬರೂ ಹೀಗೇ ಒಂದೇ ವ್ಯಾನಿನಲ್ಲಿ ಸುಖವಾಗಿ ಓಡಾಡಿಕೊಂಡಿದ್ದರು.

ಕೆಟ್ಟದ್ದು ಒಂದು ಊಟದ ದಿನ. ಚಿಕ್ಕಸರ್ವೆಯ ಮಾವ ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದು ನಿವೃತ್ತರಾದವರು. ಹೊಸದಾಗಿ ಕೊಂಡ ಹಳೇ ಮನೆಗೆ ಇಪ್ಪತ್ತು ಮಂದಿ ನೆಂಟರನ್ನು ಕರೆದಿದ್ದರು. ಊಟದ ನಡುವೆ ಜಂಬದಿಂದ ದೊಡ್ಡಸರ್ವೆಯ ಕಡೆ ತಿರುಗಿ, "ಹೇಗಿದೆ ನಮ್ಮ ಚಾವಣಿ?" ಎಂದು ಕೇಳಿದರು. ಬುದ್ಧಿ ಇದ್ದವನು 'ಭರ್ಜರಿಯಾಗಿದೆ' ಎಂದು ಹೇಳಿ ತುತ್ತು ಬಾಯಿಗಿಡುತ್ತಿದ್ದ. ದೊಡ್ಡಸರ್ವೆ ಊಟ ಬಿಟ್ಟು ಎದ್ದ, ಕೈ ತೊಳೆದ, ಅಟ್ಟ ಹತ್ತಿದ. ಕಾಲು ಗಂಟೆಯ ಮೇಲೆ ತಲೆಗೆಲ್ಲ ಜೇಡರಬಲೆ ಮೆತ್ತಿಸಿಕೊಂಡು ಇಳಿದು ಬಂದು, ಇಪ್ಪತ್ತು ಮಂದಿಯ ಎದುರಿಗೆ, "ಎರಡು ವರ್ಷ" ಎಂದ.

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಹೆಣ್ಣು ಕೊಟ್ಟವರ ಮುಂದೆ ಮರ್ಯಾದೆ ಹೋಯಿತೆಂದು ಚಿಕ್ಕಸರ್ವೆಗೆ ಮೈಯೆಲ್ಲ ಉರಿದುಹೋಯಿತು. "ಹತ್ತು ವರ್ಷ ಮಿಸುಕಲ್ಲ" ಎಂದ. "ಎರಡು" ಎಂದ ಅಣ್ಣ. ಮಾತಿಗೆ ಮಾತು ಬೆಳೆದು ಮಾರನೆಯ ದಿನ ಪಾಲಾಯಿತು. ಏಣಿ ಅಣ್ಣನಿಗೆ ಬಂತು, ಏಣಿ ಹೊರುವ ವ್ಯಾನು ತಮ್ಮನಿಗೆ. ಒಂದು ತಿಂಗಳು ಒಬ್ಬ ಏಣಿ ಹೆಗಲ ಮೇಲೆ ಹೊತ್ತು ಬೀದಿ ತುಂಬ ನಡೆದ, ಇನ್ನೊಬ್ಬ ಖಾಲಿ ವ್ಯಾನು ಓಡಿಸಿಕೊಂಡು ಗೋಡೆ ಹತ್ತಲಾಗದೆ ವಾಪಸ್ಸು ಬಂದ. ಆಮೇಲೆ ಇಬ್ಬರೂ ಇಲ್ಲದ್ದನ್ನು ಕೊಂಡುಕೊಂಡರು, ಮಾತನ್ನು ಮಾತ್ರ ಪೂರ್ತಿ ಬಿಟ್ಟರು.

ಬಾಯಿಗೆ ಬೀಗ ಬಿದ್ದರೂ ಸೀಮೆಸುಣ್ಣಕ್ಕೆ ಬೀಳಲಿಲ್ಲ. ಒಂದು ಮನೆಗೆ ತಮ್ಮ ಮಾರುವವರ ಕಡೆಯವನಾದರೆ ಅಣ್ಣ ಕೊಳ್ಳುವವರ ಕಡೆಯವನು, ಇನ್ನೊಂದಕ್ಕೆ ಅದಲುಬದಲು. ಒಬ್ಬ ಹತ್ತಿ ಇಳಿದ ಅಟ್ಟಕ್ಕೆ ಇನ್ನೊಬ್ಬ ಹತ್ತಲೇಬೇಕು. 'ಹದಿನಾಲ್ಕು ವರ್ಷ' ಎಂದು ಇವನು ಬರೆದರೆ ವಾರದೊಳಗೆ ಅದರ ಕೆಳಗೆ 'ಒಂಬತ್ತು. ಟಾರ್ಚಿಗೆ ಸೆಲ್ ಹಾಕು' ಎಂದಿರುತ್ತಿತ್ತು. ಆ ಮನೆ ಮತ್ತೆ ಮಾರಾಟಕ್ಕೆ ಬಂದಾಗ 'ಕನ್ನಡಕ ಬದಲಾಯಿಸು' ಎಂದು ಇವನು ಉತ್ತರ ಕೊಡುತ್ತಿದ್ದ. ಕೊನೆಗೊಂದು ಸಾಲು ಇದ್ದೇ ಇರುತ್ತಿತ್ತು: 'ಮಾವನ ಮನೆ ಮೂರನೇ ವರ್ಷ, ನಿಂತಿದೆ.' ಅದಕ್ಕೆ ಅಣ್ಣನದು ಒಂದೇ ಉತ್ತರ: 'ಬೀಳುತ್ತೆ.' ನಡುನಡುವೆ ಬೇರೆ ಸುದ್ದಿಯೂ ನುಸುಳುತ್ತಿತ್ತು. 'ನಿನ್ನ ಅತ್ತಿಗೆಗೆ ಮಂಡಿ ಆಪರೇಷನ್ ಆಯಿತು. ಬರಬೇಕಾಗಿಲ್ಲ.' 'ಮಗಳು ಡಾಕ್ಟರು ಓದಲು ಸೇರಿದಳು. ನಿನಗೆ ತಿಳಿಸಲೆಂದು ಬರೆದದ್ದಲ್ಲ.' ಊರಿನ ಮುನ್ನೂರು ಅಟ್ಟಗಳಲ್ಲಿ ಈ ಜಗಳ ಹರಡಿಕೊಂಡಿತ್ತು, ಮನೆಯವರಿಗೆ ಸುಳಿವೇ ಇರಲಿಲ್ಲ.

ಇಷ್ಟೇ ಆಗಿದ್ದರೆ ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ಚಿಕ್ಕಸರ್ವೆ ಒಂದು ಕಳ್ಳ ಕೆಲಸ ಮಾಡಿದ್ದ, ಅದನ್ನು ಹೇಳದೆ ಕಥೆ ಮುಂದಕ್ಕೆ ಹೋಗುವುದಿಲ್ಲ.

ಎರಡನೆಯ ವರ್ಷದ ಮಳೆಗಾಲದಲ್ಲಿ ಮಾವನ ಮನೆಯ ನಡುತೊಲೆ ಬಿರುಕು ಬಿಟ್ಟು ಒಂದು ಮೂಲೆಯ ಚಾವಣಿ ಕುಸಿಯಿತು. ಅಣ್ಣ ಹೇಳಿದ ದಿನಕ್ಕೆ ಹದಿನೆಂಟು ದಿನ ಮುಂಚೆಯೇ. ಆ ದಿನ ಭಾನುವಾರ. ಮಾವ ಭಾನುವಾರವೆಲ್ಲ ದೊಡ್ಡ ಮಗಳ ಮನೆಗೆ ಹೋಗಿ ಸಂಜೆಗೆ ಬರುವವರು. ಅಪ್ಪನ ಗಿಡಗಳಿಗೆ ನೀರು ಹಾಕಲು ಹೋಗಿದ್ದ ಹೆಂಡತಿ ಫೋನು ಮಾಡಿದಳು, ಚಿಕ್ಕಸರ್ವೆ ಓಡಿದ. ಸಂಜೆಯೊಳಗೆ ತೊಲೆಗೆ ಆನಿಕೆ ಕೊಟ್ಟು, ಮೂಲೆ ಎತ್ತಿ, ಬಿದ್ದ ಹೆಂಚು ಗುಡಿಸಿ ಹೊಸದು ಹೊದಿಸಿದ. ಹೊಸ ಹೆಂಚಿನ ಬಣ್ಣ ನೋಡಿದರೆ ದಾರಿಹೋಕನಿಗೂ ಗುಟ್ಟು ತಿಳಿಯುತ್ತದಲ್ಲ? ಅದಕ್ಕೆ ಚಹಾದ ಚರಟ ತಿಕ್ಕಿ ತಿಕ್ಕಿ ಅವಕ್ಕೆ ಮುಪ್ಪು ತರಿಸಿದ. ಅಲ್ಲಿಂದ ನಾಲ್ಕು ವರ್ಷ, ಮಳೆಯಿಲ್ಲದ ಒಂದು ಭಾನುವಾರವನ್ನೂ ಬಿಡದೆ, ಕದ್ದು ಕದ್ದು ಚಾವಣಿ ಬದಲಾಯಿಸುತ್ತಲೇ ಬಂದ. ಮೂರು ತೊಲೆ, ಹೆಂಚು ಕೂರುವ ಪಟ್ಟಿಗಳು, ಕೊನೆಕೊನೆಗೆ ಹೆಂಚಷ್ಟೂ. ಹಳೆಯದು ಎನ್ನಲು ಈಗ ಅಲ್ಲಿ ಒಂದು ಮೊಳೆಯೂ ಇರಲಿಲ್ಲ.

ಏಣಿಯ ಬುಡ ಹಿಡಿದುಕೊಂಡು ನಿಲ್ಲುವುದು ಹೆಂಡತಿಯ ಪಾಲಿನ ಕೆಲಸ. "ಅಣ್ಣನ ಮೇಲಿನ ಸಿಟ್ಟಿಗೆ ನಮ್ಮಪ್ಪನಿಗೆ ಪುಕ್ಕಟೆ ಚಾವಣಿ ಸಿಕ್ತು" ಎನ್ನುತ್ತಿದ್ದಳು. "ಅತ್ತಿಗೆ ಹತ್ರಾನೂ ಒಂದು ಜಗಳ ತೆಗೀರಿ, ಗೋಡೆಗೂ ಸುಣ್ಣ ಆಗ್ಲಿ."

ಮಾವನಿಗೆ ಏನೂ ಗೊತ್ತಿಲ್ಲ. ಪ್ರತಿ ವರ್ಷ ಆ ಊಟದ ತಾರೀಕು ಬಂದಾಗ ಫೋನು ಮಾಡಿ, "ಅಳಿಯಂದಿರೇ, ನಿಂತಿದೆ!" ಎಂದು ಗಹಗಹಿಸಿ ನಗುತ್ತಿದ್ದರು. ಅಳಿಯಂದಿರು ಸುತ್ತಿಗೆ ಹಿಡಿದು ಬೊಬ್ಬೆ ಎದ್ದ ಕೈಯಲ್ಲಿ ಫೋನು ಹಿಡಿದು, "ನಾನು ಹೇಳಿರಲಿಲ್ವಾ ಮಾವ?" ಎನ್ನುತ್ತಿದ್ದರು.

ಬ್ಯಾಂಕಿನ ಮೇಡಮ್ ಅವರ ಅಟ್ಟದಲ್ಲಿ ಕೂತು ಅವನು ಆ ನಾಲ್ಕು ತಿಂಗಳ ಹಿಂದಿನ ತಾರೀಕನ್ನೇ ದಿಟ್ಟಿಸಿದ. ಅದಾದ ಮೇಲೆ ಎಷ್ಟು ಅಟ್ಟ ಹತ್ತಿದ್ದ? ಮೂವತ್ತಕ್ಕೆ ಕಡಿಮೆಯಿಲ್ಲ. ಎಲ್ಲಿಯೂ ಆ ಗುಂಡಗಿನ ಅಕ್ಷರ ಹೊಸದಾಗಿ ಕಂಡ ನೆನಪಿಲ್ಲ. ಅಣ್ಣ ಸೋಮಾರಿಯಾದ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದನಲ್ಲ, ಈಗ ಆ ಹಿಗ್ಗು ಇಳಿದುಹೋಯಿತು.

"ಅದನ್ನ ಒರೆಸಿ ಹೋಗ್ರೀ" ಎಂದು ಮೇಡಮ್ ಕೆಳಗಿನಿಂದ ಹಳೇ ಬಟ್ಟೆ ಎಸೆದರು. ಅವನು ಬಟ್ಟೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡ. "ಒರೆಸೋ ಹಾಗಿಲ್ಲ ಮೇಡಮ್, ನಿಯಮ" ಎಂದು ಇಳಿದು ಬಂದ.

ಮುಂದಿನ ಹತ್ತು ದಿನ ಚಿಕ್ಕಸರ್ವೆಯ ಪಾಡು ಯಾರಿಗೂ ಬೇಡ. ಇತ್ತೀಚೆಗೆ ಮಾರಾಟವಾದ ಮನೆಗಳ ಬಾಗಿಲು ತಟ್ಟಿ, "ಅಟ್ಟ ಒಂದು ಸಲ ನೋಡ್ಲಾ? ದುಡ್ಡೇನೂ ಬೇಡ" ಎಂದು ಕೇಳಿಕೊಂಡು ಹೋದ. ಪುಕ್ಕಟೆ ಅಂದ ಕೂಡಲೇ ಜನಕ್ಕೆ ಅನುಮಾನ. ಒಬ್ಬರು ಗುರುತಿನ ಚೀಟಿ ಕೇಳಿದರು, ಒಬ್ಬರು ನಾಯಿ ಬಿಟ್ಟರು. ಒಬ್ಬ ಅಜ್ಜಿ ಮಾತ್ರ ಖುಷಿಯಿಂದ ಹತ್ತಿಸಿ, ಅಟ್ಟದಲ್ಲಿದ್ದ ಹದಿನೇಳು ಹಳೇ ಪಾತ್ರೆಗಳನ್ನು ಅವನ ಕೈಯಲ್ಲೇ ಇಳಿಸಿಕೊಂಡರು. ಹತ್ತಿದ ಕಡೆಯೆಲ್ಲ ತನ್ನ ಸಾಲಿನ ಕೆಳಗೆ ತೊಲೆ ಬರೀ ಬೋಳು. ಬೇರೆ ಯಾರೋ ಹೊಸಬ ಬಂದು ಫೋಟೋ ತೆಗೆದುಕೊಂಡು ಹೋಗಿದ್ದಾನೆ ಎಂದು ಮನೆಯವರು ಹೇಳಿದರು.

"ಫೋನ್ ಮಾಡಿ ಕೇಳಬಾರದಾ?" ಎಂದಳು ಹೆಂಡತಿ.

"ನಾನ್ಯಾಕೆ ಮಾಡ್ಲಿ? ಬೇಕಾದ್ರೆ ಅವನೇ ಬರೀಲಿ."

"ಹಾಗಾದ್ರೆ ತೆಪ್ಪಗಿರಿ. ಹತ್ತು ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ, ನಿದ್ದೆಯಲ್ಲಿ 'ಬೀಳುತ್ತೆ, ಬೀಳುತ್ತೆ' ಅಂತೀರಿ. ಬೈಸಿಕೊಳ್ಳದೆ ಬದುಕೋಕಾಗಲ್ಲ ಅಂದ್ರೆ ಹೇಳಿ, ನಾನೇ ಬೈತೀನಿ."

ಬೈದಳು ಕೂಡ, ಚೆನ್ನಾಗಿಯೇ. ಆದರೆ ಅದು ಅಣ್ಣ ಬೈದ ಹಾಗಿರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಸ್ಟೇಷನ್ ರಸ್ತೆಯಲ್ಲಿ ಹೋಗುತ್ತಿದ್ದವನು ವ್ಯಾನನ್ನು ಗಕ್ಕನೆ ನಿಲ್ಲಿಸಿದ. ಸ್ಕೂಟರ್ ಸ್ಟ್ಯಾಂಡಿನ ತಗಡಿನ ಗೂಡಿನಲ್ಲಿ, ರೈಲು ಹಿಡಿಯಲು ಓಡುವ ಜನಕ್ಕೆ ಟೋಕನ್ ಕೊಡುತ್ತಾ ಕೂತಿದ್ದವನು ದೊಡ್ಡಸರ್ವೆ. ಅವನೇ, ಸಂಶಯವಿಲ್ಲ. ಒಬ್ಬ ಹುಡುಗಿ ತನ್ನ ಸ್ಕೂಟರಿನ ಟೈರು ತೋರಿಸಿ, "ಅಂಕಲ್, ಇದು ಇನ್ನೂ ಎಷ್ಟು ದಿನ ಬರಬಹುದು?" ಎಂದು ಕೇಳಿದಳು. ಲೋಕದಲ್ಲಿ ಯಾವ ವಸ್ತುವಿನ ಆಯಸ್ಸನ್ನಾದರೂ ಕೇಳದೆಯೇ ಹೇಳುತ್ತಿದ್ದ ಮನುಷ್ಯ ಅವನು. ಈಗ ಟೈರಿನ ಕಡೆ ನೋಡಲೂ ಇಲ್ಲ. "ನನಗೇನು ಗೊತ್ತಮ್ಮ" ಎಂದು ಟೋಕನ್ ಕೊಟ್ಟ.

ಚಿಕ್ಕಸರ್ವೆ ವ್ಯಾನು ತಿರುಗಿಸಿ ನೆಟ್ಟಗೆ ಅಣ್ಣನ ಮನೆಗೆ ಹೋದ. ಆರು ವರ್ಷದ ಮೇಲೆ ಆ ಹೊಸ್ತಿಲು ತುಳಿಯುತ್ತಿದ್ದೇನೆ ಎಂಬುದು ಒಳಗೆ ಹೋಗಿ ಕೂತ ಮೇಲೆ ನೆನಪಾಯಿತು.

ಅತ್ತಿಗೆ ಆ ಮನೆಗೆ ಬಂದಾಗ ಅವನು ಶಾಲೆಯ ಹುಡುಗ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅವರಿಗೆ ಎಂದೂ ಸರಿಯಾಗಿ ಬಂದಿರಲಿಲ್ಲ. ಬಾಗಿಲ ಹಿಂದೆ 'ಚಾವಣಿ ಸರ್ವೆ' ಎಂಬ ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು.

"ಬಿಟ್ಟುಬಿಟ್ರಪ್ಪ ನಿಮ್ಮಣ್ಣ" ಎಂದರು ಅತ್ತಿಗೆ. "ಯಾರೋ ಬ್ಯಾಂಕಿನವರ ಮನೆ ನೋಡೋಕೆ ಹೋದವರು, ವಾಪಸ್ಸು ಬರುವಾಗ ರಸ್ತೆ ಅಗೆದಿದ್ರು ಅಂತ ಸುತ್ತು ಹಾಕಿಕೊಂಡು ನಿನ್ನ ಮಾವನ ಬೀದಿಯಲ್ಲಿ ಬಂದ್ರಂತೆ. ಆರು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಅವತ್ತು ಅಲ್ಲೇ ನಿಂತು ಅರ್ಧ ಗಂಟೆ ಆ ಚಾವಣಿ ನೋಡಿದ್ರಂತೆ. ಒಳಗೆ ಮರ ಸತ್ತಿದ್ರೆ ನೆತ್ತಿಯ ಗೆರೆ ನಡುವೆ ಜಗ್ಗಬೇಕಂತಲ್ಲ? ಅದು ದಾರ ಕಟ್ಟಿದ ಹಾಗೆ ನೆಟ್ಟಗಿದೆಯಂತೆ. ಹೆಂಚು ಹಳೇದೇ, ಯಾರೂ ಮುಟ್ಟಿಲ್ಲ. ಮನೆಗೆ ಬಂದವರು 'ನನ್ನ ಕಣ್ಣು ಹೋಯ್ತು' ಅಂದ್ರು. ಬಲವಂತ ಮಾಡಿ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟ್ರು 'ಕಣ್ಣು ಚೆನ್ನಾಗಿದೆ' ಅಂದ್ರೆ, 'ಆ ಕಣ್ಣಲ್ಲ ಡಾಕ್ಟ್ರೇ' ಅಂತ ಎದ್ದು ಬಂದ್ರು."

ಚಿಕ್ಕಸರ್ವೆ ತನ್ನ ಅಂಗೈಯ ಬೊಬ್ಬೆಗಳನ್ನು ನೋಡಿಕೊಂಡ.

"ಹೀಗೇ ಎಷ್ಟು ಜನರ ಮನೆಗೆ ತಪ್ಪು ಬರೆದಿದೀನೋ, ಎಷ್ಟು ಜನ ನನ್ನ ಮಾತು ನಂಬಿ ಒಳ್ಳೇ ಮನೆ ಕಳಕೊಂಡ್ರೋ ಅಂತ ಒಂದೇ ಕೊರಗು. ಬರೋ ಫೋನ್ ಎತ್ತಲ್ಲ. ಕೂತು ಕೂತು ಹುಚ್ಚು ಹಿಡಿಯುತ್ತೆ ಅಂತ ನಾನೇ ಆ ಸ್ಟ್ಯಾಂಡಿಗೆ ಕಳಿಸಿದೆ."

ಚಹಾದ ಚರಟ ಅಷ್ಟು ಚೆನ್ನಾಗಿ ತಿಕ್ಕಬಾರದಿತ್ತು. ಕೆಂಪು ಹೊಸ ಹೆಂಚನ್ನು ಹಾಗೇ ಬಿಟ್ಟಿದ್ದರೆ ಅಣ್ಣ ಒಂದೇ ನೋಟಕ್ಕೆ 'ಬದಲಾಯಿಸಿದ್ದಾನೆ ಬಡ್ಡಿಮಗ' ಎಂದು ಬೈದು ಮುಂದಕ್ಕೆ ಹೋಗುತ್ತಿದ್ದ. ತನ್ನ ಹಟಕ್ಕೆ ಊರಿನ ಒಂದೇ ಒಂದು ಒಳ್ಳೇ ಕಣ್ಣನ್ನು ತಾನೇ ಕುರುಡು ಮಾಡಿದ್ದ. ಹೇಳಲೇಬೇಕು. ಹೇಳಿದರೆ ಮಾವನಿಗೂ ಗೊತ್ತಾಗುತ್ತದೆ, ಆರು ವರ್ಷದ ಜಂಬ ಮಣ್ಣುಪಾಲಾಗುತ್ತದೆ. ಆಗಲಿ. ಆದರೆ ಹೇಳುವುದು ಹೇಗೆ?

ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಎದ್ದವನೇ ಅಟ್ಟಕ್ಕೆ ಏಣಿ ಹಾಕಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಅಣ್ಣನ ಮನೆಯ ತೊಲೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲವನ್ನೂ ಬರೆದ. ಕುಸಿದ ತಾರೀಕು, ತೊಲೆ ಮೂರು, ಹೆಂಚಿನ ಸಂಖ್ಯೆ, ಚಹಾ ಯಾವುದು ಎಂಬುದನ್ನೂ ಬಿಡಲಿಲ್ಲ. ಕೊನೆಗೆ 'ನೀನು ಹೇಳಿದ್ದೇ ಸರಿ' ಎಂದು ಬರೆಯುವಾಗ ಸುಣ್ಣದ ಕಡ್ಡಿ ಎರಡು ಸಲ ಮುರಿಯಿತು. ಇಳಿದಾಗ ಎದೆ ಹಗುರವಾಗಿತ್ತು.

"ಅಣ್ಣ ಬಂದ್ರೆ ಅಟ್ಟ ಹತ್ತೋಕೆ ಹೇಳಿ ಅತ್ತಿಗೆ. ಎಲ್ಲಾ ಬರೆದಿದೀನಿ."

"ಅಟ್ಟಾನಾ?" ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟರು. "ಇನ್ನು ಏಣಿ ಮುಟ್ಟಲ್ಲ ಅಂತ ಆಣೆ ಮಾಡಿ ಕೂತಿದ್ದಾರೆ. ಮೊನ್ನೆ ಕಂಬಳಿ ಇಳಿಸಿ ಕೊಡಿ ಅಂದ್ರೆ ಚಳಿಯಲ್ಲೇ ಮಲಗಿದ್ರು ಹೊರತು ಹತ್ತಲಿಲ್ಲ. ನನಗೆ ಈ ಮಂಡಿ. ಯಾರಪ್ಪ ಓದೋರು ಅದನ್ನ?"

"ಹಾಗಾದ್ರೆ ನೀವೇ ಹೇಳಿ..."

"ನಾನು ಹೇಳಲ್ಲ. ಏನು ಬರೆದಿದೀಯ ಅಂತ ಕೇಳೋದೂ ಇಲ್ಲ. ಐವತ್ತು ದಾಟಿದೆ, ಬಾಯಿದೆ. ಹೋಗಿ ಬಾಯಲ್ಲಿ ಹೇಳು."

ಅವನು ಸ್ಟ್ಯಾಂಡಿನ ಎದುರು ಮೂರು ಸಲ ಹೋಗಿ ಮೂರು ಸಲವೂ ವಾಪಸ್ಸು ಬಂದ. ನಾಲ್ಕನೆಯ ಸಲ ಧೈರ್ಯ ಬಂದಾಗ ಸಂಜೆಯ ರೈಲೂ ಬಂತು. ಕ್ಷಣದಲ್ಲಿ ಗೂಡಿನ ಮುಂದೆ ಮೂವತ್ತು ಜನರ ಸಾಲು ಬೆಳೆಯಿತು. ಎಲ್ಲರಿಗೂ ಮನೆ ಸೇರುವ ಅವಸರ. ನುಗ್ಗಿದರೆ ಒದೆ ಬೀಳುತ್ತದೆಂದು ಅವನೂ ಸಾಲಿನಲ್ಲಿ ನಿಂತ.

"ಟೋಕನ್" ಎಂದ ದೊಡ್ಡಸರ್ವೆ ತಲೆ ಎತ್ತದೆ.

"ಟೋಕನ್ ಇಲ್ಲ."

"ಕಳೆದಿದ್ರೆ ಪಕ್ಕಕ್ಕೆ ನಿಂತು ಗಾಡಿ ನಂಬರ್ ಹೇಳಿ."

"ಗಾಡಿನೂ ಇಲ್ಲ ಅಣ್ಣ."

ದೊಡ್ಡಸರ್ವೆ ತಲೆ ಎತ್ತಿದ. ಇಬ್ಬರೂ ಒಬ್ಬರ ಮುಖ ಒಬ್ಬರು ಇಷ್ಟು ಹತ್ತಿರದಿಂದ ನೋಡಿ ಆರು ವರ್ಷವಾಗಿತ್ತು. ಅಣ್ಣನ ಹುಬ್ಬು ಕೂಡ ಬೆಳ್ಳಗಾಗಿತ್ತು.

"ಗಾಡಿ ಇಲ್ಲದೆ ಸಾಲಿನಲ್ಲಿ ಯಾಕೆ ನಿಂತಿದೀಯ?"

"ಮಾವನ ಮನೆ ಚಾವಣಿ..."

"ನಿಂತಿದೆ. ನೋಡ್ದೆ. ನೀನು ಗೆದ್ದೆ, ನಾನು ಸೋತೆ, ಸಾಕಾ? ಮುಂದಿನವರು ಬನ್ನಿ."

"ಅದಲ್ಲ ಅಣ್ಣ..."

ಹೊರಟ ರೈಲು ಕಿವಿ ತೂತಾಗುವ ಹಾಗೆ ಸೀಟಿ ಹೊಡೆಯಿತು. ಅದಕ್ಕಿಂತ ಜೋರಾಗಿ ಚಿಕ್ಕಸರ್ವೆ ಅರಚಿದ. ಸೀಟಿ ನಿಂತುಹೋಯಿತು, ಅವನ ಅರಚಾಟ ನಿಲ್ಲಲಿಲ್ಲ. "ಬಿತ್ತು! ಎರಡು ವರ್ಷಕ್ಕೇ ಬಿತ್ತು, ನೀನು ಹೇಳಿದ ಹಾಗೇ ಬಿತ್ತು!"

ಇಡೀ ಸಾಲು ಗಪ್‌ಚಿಪ್ಪಾಯಿತು. ಹಿಂದಿನಿಂದ ಒಂದು ಹೆಲ್ಮೆಟ್ ಇಣುಕಿತು. "ಏನ್ರೀ ಬಿದ್ದಿದ್ದು? ನಮ್ಮನೇದಾ?"

"ಅಲ್ಲ ಮೇಡಮ್, ನಮ್ಮ ಮಾವನದು!" ಎಂದು ಅವನು ತಿರುಗಿ ನೋಡದೆ ಕೂಗಿದ. ಆಮೇಲೆ ಗೂಡಿನ ಕಿಂಡಿಯೊಳಗೆ ತಲೆ ತೂರಿಸಿ, ಒಂದೇ ಉಸಿರಿಗೆ, ತೊಲೆಯ ಮೇಲೆ ಬರೆದದ್ದನ್ನೆಲ್ಲ ಬಾಯಿಬಿಟ್ಟು ಒಪ್ಪಿಸಿದ.

ದೊಡ್ಡಸರ್ವೆ ಕೈಯಲ್ಲಿದ್ದ ಟೋಕನ್ನನ್ನು ತಿರುಗಿಸಿ ಮುರುಗಿಸಿ ನೋಡಿದ.

"ತೊಲೆ?" ಎಂದ ಕೊನೆಗೆ.

"ಮೂರೂ ಹೊಸದು."

"ಪಟ್ಟಿಗಳು?"

"ಒಂದೂ ಬಿಡದೆ ಹೊಸದು."

"ಹೆಂಚು? ಅದು ಹಳೇದು. ನನ್ನ ಕಣ್ಣಾರೆ ನೋಡಿದೀನಿ."

"ಹೊಸದೇ ಅಣ್ಣ. ಚಹಾದ ಚರಟ ತಿಕ್ಕಿದೆ."

"ಚಹಾ?" ದೊಡ್ಡಸರ್ವೆಯ ಧ್ವನಿ ಏರಿತು. "ಹೆಂಚಿಗೆ ಚಹಾ? ಒಂದೊಂದಕ್ಕೂ?"

"ಸಾವಿರದ ನೂರ ನಲವತ್ತಕ್ಕೂ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನು ಯಾರೋ, "ಸ್ವಾಮೀ, ಚಾವಣಿ ನಾಳೆ ಬೀಳಿಸಿಕೊಳ್ಳಿ, ಇವತ್ತು ನನ್ನ ಗಾಡಿ ಬಿಡಿ" ಎಂದರು. ದೊಡ್ಡಸರ್ವೆಗೆ ಇದಾವುದೂ ಕೇಳಿಸಲಿಲ್ಲ. ಅವನ ಕಣ್ಣು ತುಂಬಿ ಬಂದಿತ್ತು, ಸಿಟ್ಟೂ ಬಂದಿತ್ತು, ಯಾವುದನ್ನು ಮೊದಲು ಹೊರಗೆ ಬಿಡುವುದೆಂದು ತೋಚದೆ ಗಲ್ಲ ಅದುರುತ್ತಿತ್ತು.

"ನಾಲ್ಕು ತಿಂಗಳು ಕಣೋ" ಎಂದ. "ನಾಲ್ಕು ತಿಂಗಳಿಂದ ನನ್ನ ಕಣ್ಣನ್ನ ನಾನೇ ನಂಬ್ತಿಲ್ಲ. ಕೂತ್ರೆ ನಿಂತ್ರೆ ಅದೇ ಚಾವಣಿ. ಅವತ್ತು ರಸ್ತೆಯಲ್ಲಿ ನಿಂತು ನೋಡ್ದಾಗ ನನಗೆ ಎಷ್ಟು ಕಂಡಿತು ಗೊತ್ತಾ? ಇಪ್ಪತ್ತೈದು! ಇನ್ನೂ ಇಪ್ಪತ್ತೈದು ವರ್ಷ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ ಅಂತ ಕಂಡಿತು. ಬೆರಳಲ್ಲಿ ಒತ್ತಿದ್ರೆ ಪುಡಿಯಾಗ್ತಿದ್ದ ಮರಕ್ಕೆ ಇಪ್ಪತ್ತೈದು! ತಲೆ ಕೆಟ್ಟಿದೆ ನನಗೆ ಅಂದ್ಕೊಂಡೆ."

ಹದಿನೆಂಟು ವರ್ಷ ಅಣ್ಣನ ಜೊತೆ ದುಡಿದು ಚಿಕ್ಕಸರ್ವೆ ಸಂಪಾದಿಸಿದ ಹೊಗಳಿಕೆ ಎಂದರೆ ಒಂದೆರಡು 'ಹೂಂ' ಮಾತ್ರ. ಯಾರ ಚಾವಣಿಗೂ ಹದಿನೈದು ದಾಟದ ಮನುಷ್ಯ ತನ್ನ ಕೈಕೆಲಸಕ್ಕೆ, ತನ್ನದೆಂದು ತಿಳಿಯದೆ, ಇಪ್ಪತ್ತೈದು ಕೊಟ್ಟಿದ್ದ. ಕ್ಷಮೆ ಕೇಳಬೇಕೆಂದು ಬಂದವನಿಗೆ ಅಳು ಬಂದುಬಿಟ್ಟಿತು. ಮೂವತ್ತು ಜನರ ಮುಂದೆ ತೋಳಿನಿಂದ ಮೂಗು ಒರೆಸಿಕೊಂಡ.

"ತಪ್ಪಾಯ್ತು ಅಣ್ಣ. ನಿನ್ನ ಕಣ್ಣಿಗೇನೂ ಆಗಿಲ್ಲ. ಅವತ್ತೂ ಸರಿ, ಮೊನ್ನೆನೂ ಸರಿ."

"ನೀನು ಮಾಡಿದ್ದು ಅಂತ ಗೊತ್ತಿದ್ರೆ ಇಪ್ಪತ್ತೈದು ಕೊಡ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ, ಈಗೆಷ್ಟು?"

ದೊಡ್ಡಸರ್ವೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿದ, ಮತ್ತೆ ಏರಿಸಿಕೊಂಡ. "ಹತ್ತಿ ನೋಡದೆ ಹೆಂಗೋ ಹೇಳೋದು? ಬೆಳಿಗ್ಗೆ ಎಂಟೂವರೆಗೆ ವ್ಯಾನ್ ತಗೊಂಡು ಮನೆ ಹತ್ರ ಬಾ."

"ಬೆಳಿಗ್ಗೆ ಬೇಡ ಅಣ್ಣ, ಮಾವ ಮನೇಲಿರ್ತಾರೆ. ಭಾನುವಾರ ಆದ್ರೆ ಯಾರೂ..."

"ಅವರು ಇರ್ತಾರೆ ಅಂತಾನೇ ನಾಳೆ" ಎಂದ ದೊಡ್ಡಸರ್ವೆ. ಆಮೇಲೆ ತಮ್ಮನ ತಲೆಯನ್ನು ಒಂದು ಬೆರಳಿನಿಂದ ಕಿಂಡಿಯ ಆಚೆ ತಳ್ಳಿ, ಹಿಂದೆ ನಿಂತಿದ್ದವರಿಗೆ ಕೈ ಚಾಚಿದ. "ಟೋಕನ್ ಕೊಡಿ ಸ್ವಾಮಿ. ಅಂದ ಹಾಗೆ ಹಿಂದಿನ ಟೈರು ಬದಲಾಯಿಸಿ, ಇನ್ನು ಹತ್ತು ದಿನ ಬರಲ್ಲ."